ಗೋವಾದ ದಂಡೆಗೊಂದು ಸಣ್ಣ ಮನಿ: ಐನೂರು ವರ್ಷದ ಕಾಗದಪತ್ರ

ಟಿಕೋಟಾ, ಬಬಲೇಶ್ವರ, ವಿಜಯಪುರ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ನಮೂನೆಯ ಸಂದೇಶ ಆಗಾಗ ಓಡಾಡುತ್ತದೆ. ಗೋವಾದಲ್ಲಿ ಸಣ್ಣ ಮನಿ ಮಾರಾಟಕ್ಕಿದೆ. ಎರಡು ಖೋಲಿ, ಮೇಲೆ ತಗಡು. ಲೈಟು, ನಳ ಎರಡೂ ಇವೆ. ಕಡಲಿಗೆ ನಡೆದೇ ಹೋಗಬಹುದು. ಸುತ್ತಮುತ್ತ ನಮ್ಮ ಕಡೆಯ ಮಂದಿಯೇ ಇದ್ದಾರೆ. ಕಾಗದಪತ್ರ ಎಲ್ಲಾ ಸರಿ ಇವೆ. ಕೊನೆಗೆ ಒಂದು ಫೋನ್ ನಂಬರ್.

ಇದನ್ನು ಓದಿದವರಲ್ಲಿ ಕೆಲವರಾದರೂ ಲೆಕ್ಕ ಹಾಕಲು ಕೂಡುತ್ತಾರೆ. ಹತ್ತು ವರ್ಷ ಗೋವಾದಲ್ಲಿ ಗೌಂಡಿ ಕೈಕೆಳಗೆ ದುಡಿದದ್ದಾಯಿತು, ತಿಂಗಳ ತಿಂಗಳ ಬಾಡಿಗೆ ಕಟ್ಟಿದ್ದೇ ಕಟ್ಟಿದ್ದು. ಊರಾಗಿನ ಮನಿ ಕೊಟ್ಟು, ಮೇಲೊಂದಿಷ್ಟು ಸಾಲ ಎತ್ತಿದರೆ ಆ ಎರಡು ಖೋಲಿ ನಮ್ಮವೇ ಆಗುತ್ತವಲ್ಲ? ತಪ್ಪು ಆಸೆಯೇನೂ ಅಲ್ಲ. ಆದರೆ ಸಂದೇಶದ ಕೊನೆಯ ಸಾಲಿದೆಯಲ್ಲ, 'ಕಾಗದಪತ್ರ ಎಲ್ಲಾ ಸರಿ ಇವೆ' ಅನ್ನುವುದು, ಅದಕ್ಕೆ ಒಂದು ಉದ್ದದ ಇತಿಹಾಸವಿದೆ. ಇವತ್ತು ಅದನ್ನೇ ಬಿಚ್ಚಿ ನೋಡೋಣ.

ಮೊದಲ ಮನೆ ಆದಿಲ್‌ಶಾಹನದು

ವಿಜಯಪುರದವರು ಗೋವಾದ ದಂಡೆಯಲ್ಲಿ ಮನೆ ಮಾಡಿದ್ದು ನಿನ್ನೆ ಮೊನ್ನೆಯ ಮಾತಲ್ಲ. ಬಹಮನಿ ರಾಜ್ಯ ಒಡೆದು 1489-90ರ ಸುಮಾರಿಗೆ ಯೂಸುಫ್ ಆದಿಲ್‌ಶಾಹ ವಿಜಯಪುರದಲ್ಲಿ ತನ್ನ ಆಳ್ವಿಕೆ ಶುರು ಮಾಡಿದಾಗ ಗೋವಾ ಕೂಡ ಅವನ ಕೈಗೆ ಬಂತು. ಬಯಲುಸೀಮೆಯ ಒಬ್ಬ ಸುಲ್ತಾನನಿಗೆ ಕಡಲು ಯಾಕೆ ಬೇಕಾಗಿತ್ತು? ಕುದುರೆಗಾಗಿ. ಅರಬ್ ದೇಶಗಳಿಂದ ಯುದ್ಧದ ಕುದುರೆಗಳು ಹಡಗಿನಲ್ಲಿ ಬಂದು ಇಳಿಯುತ್ತಿದ್ದ ದೊಡ್ಡ ಬಂದರುಗಳಲ್ಲಿ ಗೋವಾ ಒಂದು. ಬಂದರು ಕೈಯಲ್ಲಿದ್ದರೆ ಕುದುರೆಯೂ ತನ್ನದು, ಸುಂಕವೂ ತನ್ನದು.

ಈಗ ಹಳೆ ಗೋವಾ ಎಂದು ಕರೆಯುವ ಊರಿನಲ್ಲಿ ಆದಿಲ್‌ಶಾಹನಿಗೆ ಒಂದು ಅರಮನೆ ಇತ್ತು. ಮಾಂಡೋವಿ ನದಿಯ ದಂಡೆಗೆ, ಪಣಜಿಯಲ್ಲಿ ಇನ್ನೊಂದು. 1510ರ ಆರಂಭದಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವಾ ಹಿಡಿದ. ಅದೇ ವರ್ಷ ಮೇ ತಿಂಗಳಲ್ಲಿ ವಿಜಯಪುರದ ಸೈನ್ಯ ಅವನನ್ನು ಹೊರಗೆ ಹಾಕಿತು. ನವೆಂಬರ್ 25ರಂದು ಅಲ್ಬುಕರ್ಕ್ ಮತ್ತೆ ಬಂದು ಗೆದ್ದ. ಆಮೇಲೆ 451 ವರ್ಷ ಪೋರ್ಚುಗೀಸರು ಅಲ್ಲಿಂದ ಕದಲಲಿಲ್ಲ.

ವಿಜಯಪುರ ಸುಮ್ಮನೆ ಕೂಡಲಿಲ್ಲ. ಆದರೂ 1543ರಲ್ಲಿ ಬಾರ್ದೇಸ್ ಮತ್ತು ಸಾಲ್ಸೆಟ್ ಎಂಬ ಎರಡು ಫಲವತ್ತಾದ ಸೀಮೆಗಳನ್ನು ಪೋರ್ಚುಗೀಸರಿಗೆ ಬಿಟ್ಟುಕೊಡಬೇಕಾಯಿತು. ರಕ್ಕಸಗಿ ತಂಗಡಗಿಯ ಯುದ್ಧದಲ್ಲಿ ವಿಜಯನಗರವನ್ನು ಸೋಲಿಸಿದವರಲ್ಲಿ ಒಬ್ಬನಾದ ಮೊದಲನೆಯ ಅಲಿ ಆದಿಲ್‌ಶಾಹ 1570-71ರಲ್ಲಿ ದೊಡ್ಡ ದಂಡು ಕಟ್ಟಿಕೊಂಡು ಹೋಗಿ ಗೋವಾಕ್ಕೆ ಮುತ್ತಿಗೆ ಹಾಕಿದ. ಗೋವಾ ಸಿಗಲಿಲ್ಲ, ಒಪ್ಪಂದ ಮಾಡಿಕೊಂಡು ಮರಳಿದ.

ಹಳೆ ಗೋವಾದಲ್ಲಿ ಸಂತ ಕಾಜೆತಾನ್ ಚರ್ಚಿನ ಹತ್ತಿರ ಆ ಅರಮನೆಯ ಬಾಗಿಲ ಚೌಕಟ್ಟೊಂದು ಇವತ್ತಿಗೂ ನಿಂತಿದೆ. ಗೋಡೆ ಇಲ್ಲ, ಮಾಳಿಗೆ ಇಲ್ಲ, ಕಲ್ಲಿನ ಕಂಬ ಮತ್ತು ಮೇಲೊಂದು ಅಡ್ಡಪಟ್ಟಿ ಅಷ್ಟೇ. ಪಣಜಿಯ ಅರಮನೆ ಮಾತ್ರ ಕೈ ಬದಲಾಗುತ್ತಾ, ರೂಪ ಬದಲಾಗುತ್ತಾ ಉಳಿಯಿತು. ಪೋರ್ಚುಗೀಸ್ ಗವರ್ನರರು ಅದರಲ್ಲಿ ಇದ್ದರು, ಮುಂದೆ ಅದು ಗೋವಾ ಸರ್ಕಾರದ ಸಚಿವಾಲಯವಾಯಿತು. ಪಣಜಿಗೆ ದುಡಿಯಲು ಹೋದ ನಮ್ಮ ಕಡೆಯ ಎಷ್ಟೋ ಜನ ದಿನಾ ಅದರ ಮುಂದೆ ಹಾಯ್ದು ಹೋಗುತ್ತಾರೆ. ಅದು ನಮ್ಮೂರ ಸುಲ್ತಾನನ ಮನೆಯಾಗಿತ್ತು ಅಂತ ಹೇಳುವವರು ಕಡಿಮೆ.

ಕೊಂಕಣವನ್ನೇ ಮಮದಾಪುರಕ್ಕೆ ತಂದವ

ಕಡಲಿನ ಸೀಮೆಯ ಮೇಲಿನ ಆಸೆ ಬಬಲೇಶ್ವರ ತಾಲ್ಲೂಕಿನಲ್ಲಿ ಒಂದು ಗುರುತು ಬಿಟ್ಟಿದೆ. ಅದು ಮಮದಾಪುರದ ಕೆರೆ. ಗೋಲಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್‌ಶಾಹನ ಕಾಲದ್ದು ಇದು. ಸುಲ್ತಾನ ಕೊಂಕಣಕ್ಕೆ ಹೋಗಿದ್ದಾಗ ಅಲ್ಲಿಯ ಹಸಿರು, ನೀರು ನೋಡಿ ಮನಸೋತು, ಅಂಥದ್ದೊಂದು ಜಾಗ ತನ್ನ ರಾಜಧಾನಿಯ ಹತ್ತಿರವೂ ಇರಲಿ ಎಂದು ಸುತ್ತಲಿನ ಹಳ್ಳಿಗಳನ್ನು ಕೂಡಿಸಿ ಮಮದಾಪುರ ಕಟ್ಟಿಸಿದ, ಕೆರೆ ತೋಡಿಸಿದ ಎಂಬುದು ಬ್ರಿಟಿಷರ ಕಾಲದ ಗ್ಯಾಜೆಟಿಯರ್ ಹೇಳುವ ಕಥೆ.

ಕಥೆಯಲ್ಲಿ ಎಷ್ಟು ನಿಜ ಎನ್ನುವುದಕ್ಕಿಂತ ಅದರ ಹಿಂದಿನ ಲೆಕ್ಕ ಗಮನಿಸಿ. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಗೋವಾದಲ್ಲಿ ಸುಮಾರು 3000. ಅಂದರೆ ನಮಗಿಂತ ಐದು ಪಟ್ಟು. ಸುಲ್ತಾನನಿಗೆ ಅಧಿಕಾರವಿತ್ತು, ಕೊಂಕಣವನ್ನು ಇಲ್ಲಿಗೇ ತರಲು ನೋಡಿದ. ಅಧಿಕಾರ ಇಲ್ಲದ ಜನ ಬರ ಬಿದ್ದಾಗ ತಾವೇ ಕೊಂಕಣಕ್ಕೆ ನಡೆದರು.

ಬರ, ರೈಲು, ಗುಳೆ

1876ರಿಂದ 78ರವರೆಗಿನ ಮಹಾ ಬರ ನಮ್ಮ ಜಿಲ್ಲೆಯನ್ನು ನುಂಗಿತು. ಆಗ ಇದು ಕಲಾದಗಿ ಜಿಲ್ಲೆ, ಬಾಗಲಕೋಟೆಯೂ ಇದರಲ್ಲೇ ಇತ್ತು. 1872ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 8 ಲಕ್ಷಕ್ಕೂ ಹೆಚ್ಚು. 1881ರಲ್ಲಿ ಅದು 6 ಲಕ್ಷ 38 ಸಾವಿರದ ಆಸುಪಾಸಿಗೆ ಇಳಿದಿತ್ತು. ಹಸಿವೆ, ರೋಗದಿಂದ ಸತ್ತವರು ಎಷ್ಟೋ, ಊರು ಬಿಟ್ಟು ಹೋದವರು ಎಷ್ಟೋ.

ಬರದ ಮರುವರ್ಷಗಳಲ್ಲಿ ರೈಲು ಬಂತು. 1884ರಲ್ಲಿ ಹೋಟಗಿಯಿಂದ ಗದಗಿನವರೆಗಿನ ಹಳಿ ವಿಜಯಪುರದ ಮೇಲೆ ಹಾಯ್ದುಹೋಯಿತು. ಅತ್ತ ಗೋವಾದ ಮಾರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್ ಘಟ್ಟ ಏರಿ ಬಂದ ಹಳಿ 1888ರಲ್ಲಿ ಬ್ರಿಟಿಷರ ಹಳಿಗೆ ಕೂಡಿಕೊಂಡಿತು. ಬಯಲುಸೀಮೆಯ ಹತ್ತಿ ಹಡಗಿಗೆ ಮುಟ್ಟಲಿ ಎಂಬುದು ಹಳಿ ಹಾಕಿದವರ ಲೆಕ್ಕ. ಆದರೆ ಹತ್ತಿ ಹೋಗುವ ದಾರಿಯಲ್ಲಿ ಕೂಲಿಯೂ ಹೋಗಬಹುದು. ವಿಜಯಪುರ, ಗದಗ, ಹುಬ್ಬಳ್ಳಿ, ಲೋಂಡಾ, ವಾಸ್ಕೋ. ಇವತ್ತಿಗೂ ನಮ್ಮ ಮಂದಿ ಹಿಡಿಯುವ ದಾರಿಗಳಲ್ಲಿ ಇದೊಂದು.

ದೊಡ್ಡ ಗುಳೆ ಶುರುವಾದದ್ದು 1961ರ ಡಿಸೆಂಬರ್ 19ರಂದು ಗೋವಾ ಭಾರತಕ್ಕೆ ಸೇರಿದ ಮೇಲೆ. ಬಂದರಿನಲ್ಲಿ ಹಮಾಲಿ, ಕಬ್ಬಿಣದ ಅದಿರಿನ ಗಣಿಯಲ್ಲಿ ಕೂಲಿ, ರಸ್ತೆ ಕೆಲಸ, ಕಟ್ಟಡ ಕೆಲಸ, ಆಮೇಲೆ ಹೋಟೆಲ್ ಕೆಲಸ. 1972ರ ಬರ ನೆನಪಿರುವ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಜೋಳ ಸಿಗದ ಆ ವರ್ಷಗಳಲ್ಲಿ ಹಳ್ಳಿಯಿಂದ ಹಳ್ಳಿಯೇ ಎದ್ದು ಹೊರಟಿತ್ತು. ತಾಂಡಾಗಳಿಂದ ಹೋದ ಲಂಬಾಣಿ ಹೆಣ್ಣುಮಕ್ಕಳು ಕಡಲ ದಂಡೆಯಲ್ಲಿ ಮಣಿಸರ, ಕಸೂತಿ ಬಟ್ಟೆ ಮಾರಿದರು, ಗಂಡಸರು ಕಲ್ಲು ಹೊತ್ತರು.

2011ರ ಜನಗಣತಿಯ ಹೊತ್ತಿಗೆ ಗೋವಾದ 14 ಲಕ್ಷ 58 ಸಾವಿರ ಜನರಲ್ಲಿ ನೂರಕ್ಕೆ 4ರಿಂದ 5 ಮಂದಿ ತಮ್ಮ ತಾಯ್ನುಡಿ ಕನ್ನಡ ಎಂದು ಬರೆಸಿದ್ದರು. ಈ ಲೆಕ್ಕದಲ್ಲಿ ನಮ್ಮ ತಾಂಡಾದವರು ಪೂರ್ತಿ ಸಿಗುವುದಿಲ್ಲ. ಜನಗಣತಿಯವರು ಲಂಬಾಣಿ ಮಾತನ್ನು ಹಿಂದಿಯ ಗುಂಪಿನಲ್ಲಿ ಸೇರಿಸುತ್ತಾರೆ. ಆದ್ದರಿಂದ ಕರ್ನಾಟಕದಿಂದ ಹೋದವರ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚು.

ನೆಲ ಯಾರದು?

ದುಡಿಯಲು ಹೋದವರಿಗೆ ಮಲಗಲು ಜಾಗ ಬೇಕು. ಇಲ್ಲಿಂದ ಕಥೆ ತೊಡಕಾಗುತ್ತದೆ, ಯಾಕೆಂದರೆ ಗೋವಾದ ನೆಲದ ಲೆಕ್ಕ ನಮ್ಮಂತಿಲ್ಲ.

ನಮ್ಮಲ್ಲಿ ಹೊಲಕ್ಕೆ ಉತಾರ ಇದೆ, ಊರೊಳಗಿನ ಮನೆ ಗಾವಠಾಣದಲ್ಲಿ ಇದೆ, ವಿಜಯಪುರ ನಗರದಲ್ಲಾದರೆ ಸಿಟಿ ಸರ್ವೆ ಉತಾರ ಇದೆ. ಗೋವಾದಲ್ಲಿ ಬಹಳ ಹಿಂದಿನಿಂದ ಊರಿನ ನೆಲ ಊರಿನ ಮೂಲ ಮನೆತನದವರ ಕೂಟಕ್ಕೆ ಸೇರಿತ್ತು. ಆ ಮನೆತನದವರು ಗಾಂವಕಾರರು, ಅವರ ಕೂಟ ಗಾಂವಕಾರಿ. ನಮ್ಮ ಊರಗೌಡರ ಪದ್ಧತಿ ಬಲ್ಲವರಿಗೆ ಇದು ತೀರ ಹೊರಗಿನ ಮಾತು ಅನ್ನಿಸಲಿಕ್ಕಿಲ್ಲ. ಆದರೆ ನಮ್ಮಲ್ಲಿ ಗೌಡಕಿ ಸರ್ಕಾರದ ಕೆಲಸವಾಗಿತ್ತು, ಅಲ್ಲಿ ಗಾಂವಕಾರರು ನೆಲದ ಒಡೆಯರೇ ಆಗಿದ್ದರು. ಪೋರ್ಚುಗೀಸರು 1526ರಲ್ಲೇ ಈ ಪದ್ಧತಿಯನ್ನು ಬರಹಕ್ಕೆ ಇಳಿಸಿ ಒಪ್ಪಿಕೊಂಡರು. ಅವರ ಬಾಯಲ್ಲಿ ಅದು 'ಕೊಮುನಿದಾದ್' ಆಯಿತು. ಅದೇ ಹೆಸರಲ್ಲಿ ಇಂದಿಗೂ ಉಳಿದಿದೆ. ಗೋವಾದ ಎಷ್ಟೋ ಗುಡ್ಡ, ಬಯಲು, ಗದ್ದೆ ಈಗಲೂ ಕೊಮುನಿದಾದಿನವು.

ಉಳಿದ ನೆಲದಲ್ಲಿ ದೊಡ್ಡ ಪಾಲು ಭಾಟಕಾರರದು, ಅಂದರೆ ಭೂಮಾಲೀಕರದು. ಅವರ ತೆಂಗಿನ ತೋಟದಲ್ಲಿ ಮನೆ ಕಟ್ಟಿಕೊಂಡು ತೋಟ ಕಾಯುತ್ತಿದ್ದವರು ಮುಂಡಕಾರರು. ನೆಲ ಭಾಟಕಾರನದು, ಮೇಲಿನ ಮನೆ ಮುಂಡಕಾರನದು. ಮಾಲೀಕ ಮುನಿದರೆ ಮುಂಡಕಾರ ಬೀದಿಪಾಲು. ಇದನ್ನು ತಡೆಯಲು 1975ರಲ್ಲಿ ಮುಂಡಕಾರ ರಕ್ಷಣಾ ಕಾಯ್ದೆ ಬಂತು. ಮುಂಡಕಾರನನ್ನು ಎಬ್ಬಿಸುವಂತಿಲ್ಲ, ಅವನು ಮನೆಯ ಜಾಗವನ್ನು ಕೊಂಡುಕೊಳ್ಳಬಹುದು ಎಂದಿತು ಕಾನೂನು.

ನಮ್ಮವರಿಗೆ ಈ ಕಾಯ್ದೆಯಿಂದ ಲಾಭವಾಗಲಿಲ್ಲ. ಯಾಕೆಂದರೆ ಮನೆಗೆ ಬಾಡಿಗೆ ಕೊಡುವವನು ಮುಂಡಕಾರ ಅಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ನಮ್ಮವರು ಹೋಗಿದ್ದು ಕೂಲಿಗೆ, ಇದ್ದದ್ದು ಬಾಡಿಗೆಗೆ. ಇಲ್ಲದಿದ್ದರೆ ಯಾರೂ ಕೇಳದ ಖಾಲಿ ಜಾಗದಲ್ಲಿ. ಗುಡ್ಡದ ಓರೆ, ಕೊಮುನಿದಾದಿನ ಬಯಲು, ರೈಲು ಹಳಿಯ ಬದಿ, ಕಡಲ ಉಸುಕು. ವಾಸ್ಕೋದ ಬೈನಾ, ಅದರಾಚೆಯ ಜುವಾರಿನಗರ, ಮಡಗಾಂವದ ಮೋತಿ ಡೊಂಗರ್, ಪಣಜಿ ಬಳಿಯ ಚಿಂಬಲ್. ಈ ಹೆಸರುಗಳನ್ನು ನಮ್ಮ ಹಳ್ಳಿಗಳಲ್ಲಿ ಪಕ್ಕದ ಊರಿನ ಹೆಸರಿನಂತೆ ಹೇಳುತ್ತಾರೆ.

ಮಾಳಿಗೆಯವರು ತಗಡಿನ ಕೆಳಗೆ

ಮನೆ ಕಟ್ಟುವ ಬಗೆಯೂ ಅಲ್ಲಿ ಬೇರೆ. ನಮ್ಮ ಕಡೆಯ ಹಳೆ ಮನೆ ನೆನೆಸಿಕೊಳ್ಳಿ. ಕಲ್ಲು, ಮಣ್ಣಿನ ದಪ್ಪ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಒಳಗೆ ಬಂದರೆ ಮೊದಲು ದನ ಕಟ್ಟುವ ಜಾಗ, ಆಮೇಲೆ ಎತ್ತರದ ಪಡಸಾಲೆ. ಬ್ಯಾಸಗಿಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಈ ಮನೆ ಕಟ್ಟಿದ್ದೇ ಕಡಿಮೆ ಮಳೆಗಾಗಿ.

ಗೋವಾದ ಮಳೆಗೆ ಇಂಥ ಮಾಳಿಗೆ ಒಂದು ವಾರ ನಿಲ್ಲದು. ಅಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಇಳಿಜಾರು ಚಾವಣಿ ಬೇಕು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆಗೆದ ಮೇಲೆ ಮಂಗಳೂರು ಹಂಚು ಇಡೀ ಕರಾವಳಿಗೆ ಹರಡಿತು, ಗೋವಾದ ಹಳೆ ಮನೆಗಳ ಮೇಲೂ ಅದೇ ಹಂಚು. ಕೂಲಿಗೆ ಹೋದವರಿಗೆ ಹಂಚು ಎಲ್ಲಿಂದ ಬರಬೇಕು? ಮೊದಲು ತಾಡಪತ್ರಿ, ಆಮೇಲೆ ತಗಡು, ಕೈಯಲ್ಲಿ ನಾಲ್ಕು ಕಾಸು ಬಂದಂತೆ ಸಿಮೆಂಟ್ ಬ್ಲಾಕಿನ ಗೋಡೆ. ಗೋವಾದ ಎಷ್ಟೋ ಚಂದದ ಬಂಗಲೆ, ಹೋಟೆಲುಗಳ ಗೋಡೆ ಕಟ್ಟಿದ ಕೈಗಳು ರಾತ್ರಿ ತಗಡಿನ ಕೆಳಗೆ ಮಲಗಿದವು.

ಇತ್ತ ಊರಿನಲ್ಲಿ ಇನ್ನೊಂದು ನಷ್ಟ ಆಗುತ್ತಿತ್ತು. ಮಣ್ಣಿನ ಮಾಳಿಗೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕಬೇಕು, ಬಿರುಕು ಮುಚ್ಚಬೇಕು. ಮನೆಯವರೆಲ್ಲ ಗೋವಾದಲ್ಲಿದ್ದರೆ ಯಾರು ಹಾಕಬೇಕು? ಬೀಗ ಹಾಕಿದ ಮನೆ ಮೂರು ನಾಲ್ಕು ಮಳೆಗಾಲಕ್ಕೆ ಕುಸಿಯುತ್ತದೆ. ಜಂತಿ ಮುರಿದು, ಬಾಗಿಲು ಮಾತ್ರ ನಿಂತ ಮನೆಗಳು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ.

ಬಾಂಡ್ ಮೇಲೆ ಮಾರಾಟ

ಖಾಲಿ ಜಾಗದಲ್ಲಿ ಮೊದಲು ಬಂದವನು ಗುಡಿಸಲು ಹಾಕಿದ. ಹತ್ತು ವರ್ಷಕ್ಕೆ ಅದು ಗೋಡೆಯಾಯಿತು. ಪಂಚಾಯಿತಿಯವರು ಮನೆ ನಂಬರ್ ಕೊಟ್ಟು ತೆರಿಗೆ ಕಟ್ಟಿಸಿಕೊಂಡರು. ಲೈಟು ಬಂತು. ಓಟಿನ ಚೀಟಿ ಬಂತು. ಅವನು ಊರಿಗೆ ಮರಳುವಾಗ ನಮ್ಮ ಕಡೆಯವನೇ ಇನ್ನೊಬ್ಬನಿಗೆ ಮನೆ ಕೊಟ್ಟ. ನೂರು ರೂಪಾಯಿ ಬಾಂಡ್ ಮೇಲೆ ಬರೆದು, ನೋಟರಿ ಮಾಡಿಸಿ, ನಾಲ್ಕು ಜನರ ಸಾಕ್ಷಿ ಹಾಕಿಸಿ, ದುಡ್ಡು ಎಣಿಸಿಕೊಂಡ. ಕೊಂಡವನು ಐದು ವರ್ಷದ ಮೇಲೆ ಮತ್ತೊಬ್ಬನಿಗೆ ಕೊಟ್ಟ. ಹೀಗೆ ಒಂದೇ ಮನೆಗೆ ಮೂರು ನಾಲ್ಕು ಬಾಂಡ್ ಆದವು. ವಾಟ್ಸ್‌ಆ್ಯಪ್ ಸಂದೇಶದ 'ಕಾಗದಪತ್ರ' ಎಂದರೆ ಬಹಳ ಸಲ ಈ ಬಾಂಡಿನ ಕಟ್ಟು.

ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಬೇಕು ಅಂದುಕೊಂಡಿರಲಿಕ್ಕಿಲ್ಲ. ಮಾರಿದವನೂ ಹಾಗೆಯೇ ಕೊಂಡಿದ್ದ. ಆದರೆ ಕಾನೂನು ಏನು ಹೇಳುತ್ತದೆ?

1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೆಯ ಕಲಂ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಬೆಲೆಯ ಮನೆ, ಜಮೀನು ಮಾರುವುದಾದರೆ ನೋಂದಣಿಯಾದ ಖರೇದಿ ಪತ್ರ ಆಗಲೇಬೇಕು. ನೂರು ರೂಪಾಯಿ ಎಂಬುದು ಆ ಕಾಲದಲ್ಲಿ ದೊಡ್ಡ ಮೊತ್ತ, ಬಡವರ ಗುಡಿಸಲಿಗೆ ಈ ನಿಯಮ ಮುಟ್ಟುತ್ತಿರಲಿಲ್ಲ. ಆ ಅಂಕಿ ಇವತ್ತಿಗೂ ಹಾಗೇ ಇದೆ. ಹಾಗಾಗಿ ಈಗ ಎಂಥ ಸಣ್ಣ ಮನೆಯಾದರೂ ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಹತ್ತದೆ ಕೈ ಬದಲಾಗುವುದಿಲ್ಲ. ಬಾಂಡ್, ಕರಾರು ಪತ್ರ, ಮುಖತ್ಯಾರ ಪತ್ರ, ಮೃತ್ಯುಪತ್ರ ಇವನ್ನೆಲ್ಲ ಕೂಡಿಸಿ ಕಟ್ಟಿ ಮನೆ ಮಾರುವ ರೂಢಿ ದೇಶದ ತುಂಬ ಇತ್ತು. 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು, ಇಂಥ ಕಾಗದಗಳಿಂದ ಒಡೆತನ ಬರುವುದಿಲ್ಲ ಎಂದು.

ನೋಟರಿ ಸಿಕ್ಕೆ ಬಿದ್ದರೆ ಸಹಿ ಹಾಕಿದವರು ಇವರೇ ಎಂಬುದಕ್ಕೆ ಸಾಕ್ಷಿ ಸಿಕ್ಕಿತು, ಅಷ್ಟೇ. ಮಾರಿದವನಿಗೆ ನೆಲದ ಮೇಲೆ ಹಕ್ಕೇ ಇಲ್ಲದಿದ್ದರೆ ಅವನು ನಿಮಗೆ ಕೊಡುವುದಾದರೂ ಏನು? ಮನೆ ತೆರಿಗೆಯ ಪಾವತಿ, ಲೈಟ್ ಬಿಲ್, ರೇಷನ್ ಕಾರ್ಡ್ ನೀವು ಅಲ್ಲಿ ವಾಸ ಇದ್ದೀರಿ ಎಂದು ಹೇಳುತ್ತವೆ. ನೆಲ ನಿಮ್ಮದು ಎಂದು ಹೇಳುವುದಿಲ್ಲ.

ಬೈನಾ, ಸಾಂಗೊಲ್ಡಾ

ಈ ವ್ಯತ್ಯಾಸ ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ. ಜೆಸಿಬಿ ಬಂದ ದಿನ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ.

2004ರ ಜೂನ್ 14ರಂದು, ಮಳೆಗಾಲ ಕಾಲಿಟ್ಟ ಹೊತ್ತಿನಲ್ಲಿ, ಗೋವಾ ಸರ್ಕಾರ ಬೈನಾ ದಂಡೆಯ ಗುಡಿಸಲು, ಖೋಲಿಗಳನ್ನು ಕೆಡವಿತು. ಅಲ್ಲಿ ನಡೆಯುತ್ತಿದ್ದ ವೇಶ್ಯಾವಾಟಿಕೆ ನಿಲ್ಲಿಸುವುದು ಉದ್ದೇಶ, ಅದಕ್ಕೆ ಹೈಕೋರ್ಟಿನ ಆದೇಶವೂ ಇತ್ತು. ಆ ದಂಧೆಯಲ್ಲಿ ಸಿಕ್ಕಿಬಿದ್ದಿದ್ದ ಹೆಣ್ಣುಮಕ್ಕಳಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು ಎಂಬ ಕಹಿ ಸತ್ಯವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದರ ಜೊತೆಗೇ ಬಂದರಿನಲ್ಲಿ, ಕಟ್ಟಡದಲ್ಲಿ ದುಡಿಯುವ ಸಂಸಾರಗಳೂ ಬೈನಾದಲ್ಲಿದ್ದವು. ಮಳೆಯಲ್ಲಿ ನಿಂತವರಲ್ಲಿ ಎಲ್ಲರೂ ಇದ್ದರು.

2015ರಲ್ಲಿ ಅದೇ ಬೈನಾದಲ್ಲಿ ಮತ್ತೆ ಮನೆಗಳು ಬಿದ್ದವು. ಈ ಸಲ ಕಾರಣ ಬೇರೆ: ಕಡಲ ದಂಡೆಯ ಸರ್ಕಾರಿ ಜಾಗದಲ್ಲಿ ಅನಧಿಕೃತವಾಗಿ ಕಟ್ಟಿದ್ದು. ಮನೆ ಕಳೆದುಕೊಂಡವರಲ್ಲಿ ಹೆಚ್ಚಿನವರು ಕನ್ನಡಿಗರು. ಮೂರು ನಾಲ್ಕು ದಶಕದಿಂದ ಇದ್ದೇವೆ, ಓಟಿನ ಚೀಟಿ ಇದೆ, ಲೈಟ್ ಬಿಲ್ ಇದೆ ಎಂದು ಅವರು ತೋರಿಸಿದರು. ಪ್ರಯೋಜನವಾಗಲಿಲ್ಲ.

2024ರ ಏಪ್ರಿಲ್‌ನಲ್ಲಿ ಉತ್ತರ ಗೋವಾದ ಸಾಂಗೊಲ್ಡಾದಲ್ಲಿ ಕೊಮುನಿದಾದಿನ ಜಾಗದಲ್ಲಿದ್ದ ಮನೆಗಳನ್ನು ಕೆಡವಿದರು. ಅಲ್ಲೂ ಕನ್ನಡಿಗ ಕುಟುಂಬಗಳು. ಕರ್ನಾಟಕದ ಮುಖ್ಯಮಂತ್ರಿ ಗೋವಾದ ಮುಖ್ಯಮಂತ್ರಿಗೆ ಮನವಿ ಮಾಡಿಕೊಂಡರು. ಅಷ್ಟರಲ್ಲಿ ಮನೆಗಳು ನೆಲಕ್ಕೆ ಬಿದ್ದಿದ್ದವು.

ಗೋವಾದವರ ಮಾತನ್ನೂ ಕೇಳಬೇಕು. ನಮ್ಮ ಊರಿನ ಸಾರ್ವಜನಿಕ ನೆಲ ಒತ್ತುವರಿ ಆಗುತ್ತಿದೆ, ಗುಡ್ಡ ಕರಗುತ್ತಿದೆ, ಗದ್ದೆ ಮುಚ್ಚುತ್ತಿದೆ ಎಂಬ ಅವರ ಸಂಕಟ ಸುಳ್ಳಲ್ಲ. ನಮ್ಮ ಊರ ಗಾಯರಾಣವನ್ನು ಯಾರೋ ಬಂದು ಹಿಡಿದರೆ ನಾವು ಸುಮ್ಮನಿರುತ್ತೇವೆಯೇ? ಆದರೆ ಗುಡ್ಡ ಕಡಿದು ಎದ್ದ ದೊಡ್ಡ ಕಟ್ಟಡಗಳಿಗೂ ಕೂಲಿಯವನ ಎರಡು ಖೋಲಿಗೂ ಜೆಸಿಬಿ ಒಂದೇ ವೇಗದಲ್ಲಿ ಬರುವುದಿಲ್ಲ ಎಂಬುದೂ ಅಷ್ಟೇ ಸತ್ಯ. 2014ರ ಫೆಬ್ರವರಿ 28ಕ್ಕಿಂತ ಮೊದಲು ಕಟ್ಟಿದ ಅನಧಿಕೃತ ಮನೆಗಳನ್ನು ಸಕ್ರಮ ಮಾಡಲು ಗೋವಾ ಸರ್ಕಾರ 2016ರಲ್ಲಿ ಒಂದು ಕಾಯ್ದೆ ತಂದಿತು. ಆದರೆ ಅದಕ್ಕೂ ಅರ್ಜಿ ಹಾಕುವವನಿಗೆ ನೆಲದ ಜೊತೆ ಏನಾದರೊಂದು ಕಾನೂನಿನ ಸಂಬಂಧ ಇರಬೇಕು, ಇಲ್ಲವೆ ನೆಲದ ಒಡೆಯರ ಒಪ್ಪಿಗೆ ಬೇಕು. ಬರೀ ಬಾಂಡ್ ಇದ್ದವರು ಅಲ್ಲೂ ಹೊರಗೇ ಉಳಿದರು.

ಕಡಲಿನ ಗೆರೆ

ಇನ್ನೊಂದು ಕಾನೂನು ಬಯಲುಸೀಮೆಯವರಾದ ನಮಗೆ ಹೊಳೆಯುವುದೇ ಇಲ್ಲ. 1991ರ ಫೆಬ್ರವರಿ 19ರಂದು ಕೇಂದ್ರ ಸರ್ಕಾರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿತು. ಸಿ.ಆರ್.ಝಡ್ ಎನ್ನುತ್ತಾರೆ. ಭರತದ ನೀರು ಮುಟ್ಟುವ ಗೆರೆಯಿಂದ ಒಳನಾಡಿನ ಕಡೆ 500 ಮೀಟರ್‌ವರೆಗೆ ಕಟ್ಟಡಗಳಿಗೆ ನಿರ್ಬಂಧ ಬಂತು. ಹಳ್ಳಿಗಾಡಿನ ದಂಡೆಗಳಲ್ಲಿ ಮೊದಲ 200 ಮೀಟರ್‌ನಲ್ಲಿ ಹೊಸದಾಗಿ ಏನೂ ಕಟ್ಟುವಂತಿಲ್ಲ. ಮೊದಲೇ ಕಾನೂನು ಪ್ರಕಾರ ಇದ್ದ ಮನೆಗಳನ್ನು ರಿಪೇರಿ ಮಾಡಬಹುದು, ಬೆಳೆಸುವಂತಿಲ್ಲ. 2011ರಲ್ಲಿ ಮತ್ತು 2019ರಲ್ಲಿ ನಿಯಮಗಳು ಬದಲಾದವು, ಆದರೆ ಗೆರೆ ಅಳಿಸಲಿಲ್ಲ.

ಸಂದೇಶದಲ್ಲಿ 'ಕಡಲು ನಡೆದು ಹೋಗುವಷ್ಟು ಹತ್ತಿರ' ಎಂದಿತ್ತಲ್ಲ. ಅದು ಮನೆಯ ಗುಣ ಎಂದು ನಾವು ಓದುತ್ತೇವೆ. ಕಾನೂನಿನ ಕಣ್ಣಲ್ಲಿ ಅದೇ ದೊಡ್ಡ ತೊಡಕು.

ಕೊಳ್ಳುವ ಮೊದಲು ಕೇಳಬೇಕಾದದ್ದು

ಗೋವಾದಲ್ಲಿ ಮನೆ ಕೊಳ್ಳಲೇಬಾರದು ಎಂದು ನಾವು ಹೇಳುತ್ತಿಲ್ಲ. ಕಾನೂನು ಪ್ರಕಾರ ಕೊಂಡು, ಮಕ್ಕಳನ್ನು ಓದಿಸಿ, ನೆಮ್ಮದಿಯಾಗಿ ಇರುವ ಕನ್ನಡಿಗರು ಅಲ್ಲಿ ಬೇಕಾದಷ್ಟಿದ್ದಾರೆ. ಅವರು ಮಾಡಿದ್ದು ಇಷ್ಟು.

ಮೊದಲು ನೆಲ ಯಾರದು ಎಂದು ನೋಡಿದರು. ನಮ್ಮ ಉತಾರದಂತೆ ಗೋವಾದಲ್ಲಿ 'ಫಾರ್ಮ್ 1 ಮತ್ತು 14' ಇದೆ. ಸರ್ವೆ ನಂಬರ್ ಗೊತ್ತಿದ್ದರೆ ಫೋನಿನಲ್ಲೇ ನೋಡಬಹುದು. ಅದರಲ್ಲಿ ಕೊಮುನಿದಾದಿನ ಹೆಸರಾಗಲಿ ಸರ್ಕಾರದ ಹೆಸರಾಗಲಿ ಇದ್ದರೆ ಸಂಚಕಾರ ಕೊಡುವ ಮಾತೇ ಬೇಡ. ಮಾರುವವನು ಸರ್ವೆ ನಂಬರ್ ಹೇಳಲು ಹಿಂದೆ ಮುಂದೆ ನೋಡಿದರೆ ಅದೂ ಒಂದು ಉತ್ತರವೇ.

ಎರಡನೆಯದಾಗಿ, ಗಂಡ ಹೆಂಡತಿ ಇಬ್ಬರ ಸಹಿ. ಪೋರ್ಚುಗೀಸರ 1867ರ ನಾಗರಿಕ ಸಂಹಿತೆ 1870ರಲ್ಲಿ ಗೋವಾಕ್ಕೆ ಬಂತು, ಅದರ ಕುಟುಂಬ ಕಾನೂನಿನ ಬೇರು ಇನ್ನೂ ಇದೆ. ಗೋವಾದ ಗಂಡ ಹೆಂಡತಿಗೆ ಸಾಮಾನ್ಯವಾಗಿ ಆಸ್ತಿಯಲ್ಲಿ ಸಮಪಾಲು. ಒಬ್ಬರೇ ಸಹಿ ಮಾಡಿ ಮಾರಿದ ಮನೆ ನಾಳೆ ಕೋರ್ಟಿಗೆ ಹೋಗಬಹುದು.

ಮೂರನೆಯದಾಗಿ, ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ ಸಾಲ, ಜಪ್ತಿ ಇಲ್ಲ ಎಂದು ಖಾತ್ರಿ ಮಾಡಿಕೊಂಡರು. ಕಡಲು, ಖಾರಿ ಎಷ್ಟು ದೂರ ಎಂದು ಅಳೆದು ಸಿ.ಆರ್.ಝಡ್ ಗೆರೆ ಕೇಳಿದರು. ಕೊನೆಗೆ ಸಬ್ ರಿಜಿಸ್ಟ್ರಾರ್ ಮುಂದೆ ಖರೇದಿ ಮಾಡಿಸಿದರು. ಸ್ಟಾಂಪ್ ಖರ್ಚು ಉಳಿಸಲು ಹೋದವರೇ ಇಡೀ ಮನೆ ಕಳೆದುಕೊಂಡದ್ದು.

ಊರಾಗಿನ ಮನಿ

ಕೊನೆಯ ಮಾತು ಗೋವಾದ್ದಲ್ಲ, ಇಲ್ಲಿಯದು. ದಂಡೆಯ ಮನೆಗಾಗಿ ಮಾರಲು ಹೊರಟ ಊರಿನ ಮನೆಯ ಕಾಗದ ಹೇಗಿದೆ ಎಂದು ನಾವು ನೋಡಿಕೊಂಡಿದ್ದೇವೆಯೇ?

ತಾಂಡಾಗಳ ಕಥೆಯನ್ನೇ ತೆಗೆದುಕೊಳ್ಳಿ. ತಲೆತಲಾಂತರದಿಂದ ಮನೆ ಕಟ್ಟಿಕೊಂಡು ಇದ್ದರೂ ಬಹಳಷ್ಟು ತಾಂಡಾಗಳು ದಾಖಲೆಯಲ್ಲಿ ಊರೇ ಆಗಿರಲಿಲ್ಲ. ನೆಲ ಇನ್ಯಾರದೋ ಹೆಸರಿನಲ್ಲಿ ಇತ್ತು. ಅವನ್ನು ಕಂದಾಯ ಗ್ರಾಮ ಎಂದು ಘೋಷಿಸಿ, 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ಹಕ್ಕುಪತ್ರ ಕೊಟ್ಟರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ನಮ್ಮ ವಿಜಯಪುರ, ಈ ಐದು ಜಿಲ್ಲೆಗಳ ಸುಮಾರು 50 ಸಾವಿರ ಕುಟುಂಬಗಳಿಗೆ. ಗೋವಾದಲ್ಲೂ ಕಾಗದವಿಲ್ಲ, ಊರಲ್ಲೂ ಕಾಗದವಿಲ್ಲ ಎಂಬ ಸ್ಥಿತಿಯಲ್ಲಿದ್ದ ಕುಟುಂಬಕ್ಕೆ ಆ ಒಂದು ಹಾಳೆಯ ಬೆಲೆ ಏನು ಎಂದು ಬೇರೆ ಹೇಳಬೇಕಿಲ್ಲ.

ಟಿಕೋಟಾ, ಬಬಲೇಶ್ವರ ಈಗ ತಾಲ್ಲೂಕುಗಳು. 2018ರಿಂದ ತಹಶೀಲ್ದಾರ್ ಕಚೇರಿ ಮೊದಲಿಗಿಂತ ಹತ್ತಿರವಾಗಿದೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ನಮ್ಮ ಕೆರೆಗಳಿಗೆ ಬಂದಿದೆ. ನೀರು ಬಂದ ಕಡೆ ನೆಲಕ್ಕೆ ಬೆಲೆ ಬರುತ್ತದೆ, ಬೆಲೆ ಬಂದ ಕಡೆ ತಕರಾರೂ ಬರುತ್ತದೆ. ಅಜ್ಜನ ಹೆಸರಿನಲ್ಲೇ ಉಳಿದ ಮನೆ, ಮೂವರು ಅಣ್ಣತಮ್ಮಂದಿರು ಮೂರು ಊರಲ್ಲಿ, ಹೆಣ್ಣುಮಕ್ಕಳ ಪಾಲು ಯಾರೂ ಬರೆಸಿಲ್ಲ. ಇಂಥ ಮನೆ ಮಾರಲು ಹೋದರೂ ಜಗಳ, ಬಿಟ್ಟು ಹೋದರೂ ಜಗಳ.

ಗೋವಾದಿಂದ ಜಾತ್ರೆಗೋ ಹಬ್ಬಕ್ಕೋ ಮನೆಯವರೆಲ್ಲ ಊರಿಗೆ ಬಂದಾಗ ಒಂದು ದಿನ ಇದಕ್ಕೆಂದೇ ಇಡಿ. ಗ್ರಾಮ ಪಂಚಾಯಿತಿಗೆ ಹೋಗಿ ಇ-ಸ್ವತ್ತಿನಲ್ಲಿ ಮನೆಯ ನಮೂನೆ 9 ಮತ್ತು 11 ಯಾರ ಹೆಸರಿನಲ್ಲಿದೆ, ಚಕ್ಕುಬಂದಿ ಸರಿ ಇದೆಯೇ ಎಂದು ನೋಡಿ. ಹಿರಿಯರು ತೀರಿಕೊಂಡಿದ್ದರೆ ವಾರಸಾ ಮಾಡಿಸಿ, ಅಕ್ಕತಂಗಿಯರ ಹೆಸರು ಸೇರಿಸಿ. ಮಾಳಿಗೆ ಮಣ್ಣಿನದಾಗಿದ್ದರೆ ಮಿರಗದ ಮಳೆಗೆ ಮೊದಲು ಎರಡು ಬುಟ್ಟಿ ಮಣ್ಣು ಹಾಕಿಸಲು ಪಕ್ಕದವರಿಗೆ ಹೇಳಿ, ಖರ್ಚಿಗೆ ದುಡ್ಡೂ ಕೊಟ್ಟು ಹೋಗಿ.